ಇಬ್ಬರ ಸಹಿ ಬೇಕಾದ ಕಾಗದ

ಹ್ಯಾಝರ್ಡ್, ಕೆಂಟಕಿ
ಜನವರಿ 11, 2016

ಪ್ರಿಯ ಡೆಲ್ಮರ್,

ಫೋನು ಇರುವಾಗ ಇವಳು ಕಾಗದ ಬರೆದಳೇಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು "ಹ್ಞೂಂ" ಅನ್ನುತ್ತೀಯ, "ಆಮೇಲೆ ನೋಡೋಣ" ಅನ್ನುತ್ತೀಯ, ಇಟ್ಟುಬಿಡುತ್ತೀಯ. ಕಾಗದಕ್ಕಾದರೆ ಉತ್ತರ ಕೊಡಲೇಬೇಕು.

ಆಗಸ್ಟಿನಿಂದ ಕಾಲೇಜಿಗೆ ಹೋಗುತ್ತಿದ್ದೇನೆ ಎಂದು ಥ್ಯಾಂಕ್ಸ್‌ಗಿವಿಂಗ್ ದಿನ ಹೇಳಿದ್ದೆ. ನೀನು ಕೇಳಿಸಿಕೊಂಡೆಯೋ ಇಲ್ಲವೋ ಗೊತ್ತಾಗಲಿಲ್ಲ. ಉಸಿರಾಟದ ಚಿಕಿತ್ಸೆಯ ತರಬೇತಿ ಅದು. ಗಣಿಯಲ್ಲಿ ದುಡಿದವರ ಎದೆ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಯಂತ್ರವಿಟ್ಟು ಅಳೆಯುತ್ತಾರಲ್ಲ, ಆ ಕೆಲಸವೂ ಅದರಲ್ಲಿದೆ. ಶಾಲೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಹೋಗುತ್ತೇನೆ. ನನ್ನಂತೆಯೇ ತಲೆ ನರೆತವರು ತರಗತಿಯಲ್ಲಿ ಅರ್ಧಕ್ಕರ್ಧ ಇದ್ದಾರೆ.

ಈಗ ವಿಷಯ. ದೊಡ್ಡವರು ಹೊಸ ಕಸುಬು ಕಲಿಯಲು ಕೈಯಿಂದ ಶುಲ್ಕ ಕಟ್ಟಿದ್ದರೆ, ಅದರಲ್ಲಿ ಐದನೇ ಒಂದು ಪಾಲನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ಸೋಡಿ ಎಂದು ಕಳೆದುಬಿಡುತ್ತಾರೆ. ನಾನು ಕಟ್ಟಿದ್ದು ನಾಲ್ಕು ಸಾವಿರದ ಎಂಟುನೂರ ಐವತ್ತು. ಸೋಡಿ ಒಂಬೈನೂರ ಎಪ್ಪತ್ತು ಡಾಲರ್. ಜೂನ್ ಒಂದರೊಳಗೆ ಮುಂದಿನ ಕಂತು ಕಟ್ಟದಿದ್ದರೆ ಆಸ್ಪತ್ರೆಯ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ಆ ದುಡ್ಡು ಬಂದರೆ ನನ್ನ ಕೈಲಿರುವುದರ ಜೊತೆ ಸೇರಿ ಸರಿಹೋಗುತ್ತದೆ.

ಒಂದೇ ತೊಡಕು. ಗ್ರಂಥಾಲಯದಲ್ಲಿ ಪುಕ್ಕಟೆಯಾಗಿ ತೆರಿಗೆ ಫಾರಂ ತುಂಬಿಕೊಡುವ ಮಿಸೆಸ್ ಓಸಿ ಕನ್ನಡಕ ಮೂಗಿನ ತುದಿಗಿಳಿಸಿ ಹೇಳಿದರು: "ಮದ್ವೆಯಾದೋರು ಬೇರೆಬೇರೆ ಫಾರಂ ಹಾಕಿದ್ರೆ ಈ ಸೋಡಿ ಸಿಗಲ್ಲ ಕಣಮ್ಮ. ಒಂದೇ ಫಾರಂ, ಇಬ್ರ ಸಂಬಳ, ಇಬ್ರ ಸಹಿ."

ಎರಡು ವರ್ಷದಿಂದ ನೀನು ನಿನ್ನದು ಬೇರೆ ಹಾಕುತ್ತಿದ್ದೀಯ. ಈ ಸಲ ಕಂಪನಿಯವರು ಕೊಡುವ ನಿನ್ನ ಇಡೀ ವರ್ಷದ ಸಂಬಳದ ಚೀಟಿ ಕಳಿಸು. ಕ್ರಿಸ್‌ಮಸ್ಸಿಗೂ ಬರಲಿಲ್ಲ. ಎಣ್ಣೆ ಬಾವಿಗೂ ಒಂದು ದಿನ ರಜೆ ಇರುವುದಿಲ್ಲವೇ?

ಆರ್ವೆಲಾ

———

ವಿಲಿಸ್ಟನ್, ನಾರ್ತ್ ಡಕೋಟಾ
ಜನವರಿ 22, 2016

ಆರ್ವೆಲಾ,

ಕಾಗದ ಬಂತು. ಎರಡು ಸಲ ಓದಿದೆ. ಎರಡನೇ ಸಲವೂ ನಂಬಿಕೆ ಹುಟ್ಟಲಿಲ್ಲ.

ನಲವತ್ತಾರು ವರ್ಷದ ಹೆಂಗಸು ಪುಸ್ತಕ ಹಿಡಿದುಕೊಂಡು ಹೋದರೆ ಸರ್ಕಾರ ಕರೆದು ದುಡ್ಡು ಕೊಡುತ್ತದೆಯೇ? ನಾನು ಇಪ್ಪತ್ತೆರಡು ವರ್ಷ ಗಣಿಯಲ್ಲಿ ವಿದ್ಯುತ್ ಕೆಲಸ ಮಾಡಿದೆ, ಒಬ್ಬನೂ ಕರೆದು ಕೊಡಲಿಲ್ಲ. ಗಣಿ ಮುಚ್ಚಿದ ಮೇಲೆ ಲಾರಿ ಓಡಿಸುವುದನ್ನು ಕಲಿಸುತ್ತೇವೆ ಎಂದು ಒಬ್ಬರು ಬಂದಿದ್ದು ನೆನಪಿದೆಯೇ? "ಆರೇ ವಾರ ಸಾರ್, ಆಮೇಲೆ ಕೆಲಸ ನಿಮ್ಮ ಮನೆ ಬಾಗಿಲಿಗೆ ಬರುತ್ತೆ" ಎಂದರು. ಮೂರನೇ ವಾರ ಹೋದರೆ ಶೆಡ್ಡಿಗೆ ಬೀಗ. ನನ್ನ ಮೂರು ಸಾವಿರ ಹೋಯಿತು, ಬಾಗಿಲಿಗೆ ಬಂದದ್ದು ನಾಯಿ ಮಾತ್ರ. ನಿನ್ನ ಕಾಲೇಜಿಗೂ ಬೀಗದ ಕೈ ಇರುತ್ತದೆ, ನೆನಪಿಟ್ಟುಕೋ.

ಇನ್ನೊಂದು. ಕಾಲೇಜು ಮನೆಯಿಂದ ಮೂವತ್ತು ಮೈಲಿ. ನಿನ್ನ ಕಾರು ಇಳಿಜಾರಿನಲ್ಲೇ ಕೆಮ್ಮುತ್ತದೆ. ಯಾರ ಜೊತೆ ಹೋಗುತ್ತೀಯ? ಬರೆದಿಲ್ಲ.

ಸಂಬಳದ ಚೀಟಿ ಇನ್ನೂ ಬಂದಿಲ್ಲ. ಇಲ್ಲಿ ಸೊನ್ನೆಗಿಂತ ಇಪ್ಪತ್ತು ಕೆಳಗೆ. ಬಾವಿಯ ಅಟ್ಟಣಿಗೆ ಮೇಲೆ ನಿಂತರೆ ಉಗುಳು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಕ್ರಿಸ್‌ಮಸ್ಸಿಗೆ ಜೋಡಿ ಪಾಳಿ ಇತ್ತು ಎಂದು ಆಗಲೇ ಹೇಳಿದ್ದೆ.

ಡೆಲ್ಮರ್

———

ಹ್ಯಾಝರ್ಡ್
ಫೆಬ್ರವರಿ 3, 2016

ಡೆಲ್ಮರ್,

ಕಾಲೇಜು ಸರ್ಕಾರದ್ದು. ಅರವತ್ತರ ದಶಕದಿಂದ ಅಲ್ಲೇ ನಿಂತಿದೆ, ನಿನ್ನ ಲಾರಿ ಶೆಡ್ಡಿನ ಹಾಗೆ ಗಾಲಿಯ ಮೇಲಿಲ್ಲ. ನಾನೆಷ್ಟು ಕಟ್ಟಿದೆ ಎಂದು ಅವರೇ ಫಾರಂ ಕಳಿಸಿದ್ದಾರೆ. ಇದು ಭಿಕ್ಷೆಯೂ ಅಲ್ಲ. ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಡಿಮೆ ಕಟ್ಟಿ ಅನ್ನುತ್ತಾರೆ, ಅಷ್ಟೇ. ತೆರಿಗೆಯೇ ಇಲ್ಲದವನಿಗೆ ಇದರಿಂದ ಒಂದು ಸೆಂಟೂ ಇಲ್ಲ.

ತರಗತಿಯವರೊಬ್ಬರ ಗಾಡಿಯಲ್ಲಿ ಹೋಗುತ್ತೇನೆ. ಪೆಟ್ರೋಲು ಹಂಚಿಕೊಳ್ಳುತ್ತೇವೆ.

ನಾನೂ ನಾಲ್ಕು ಮಾತು ಕೇಳಬಹುದೇ? ಈಗ ಯಾವ ಬಾವಿಯಲ್ಲಿದ್ದೀಯ? ಮೇಸ್ತ್ರಿ ಯಾರು? ಶಿಬಿರದಲ್ಲಿ ಅಡುಗೆ ಯಾರದು? ಆ ಕಡೆ ನಾರ್ವೆ ಮೂಲದ ಹೆಂಗಸರು ಆಲೂಗಡ್ಡೆಯ ತೆಳು ರೊಟ್ಟಿ ಚೆನ್ನಾಗಿ ಮಾಡುತ್ತಾರಂತೆ. ನಿನಗೆ ಯಾರಾದರೂ ಮಾಡಿ ಹಾಕುತ್ತಾರೆಯೇ? ಮೊದಲು ನೀನು ತಿಂಗಳಿಗೆ ಹತ್ತೊಂಬತ್ತು ನೂರು ಕಳಿಸುತ್ತಿದ್ದೆ. ಒಂದು ವರ್ಷದಿಂದ ಆರುನೂರು. "ಕಂಪನಿ ತಾಸು ಕಡಿಮೆ ಮಾಡಿದೆ" ಎಂದೆ. ತಾಸೇ ಇಲ್ಲದವನಿಗೆ ಜೋಡಿ ಪಾಳಿ ಎಲ್ಲಿಂದ ಬಂತು?

ಚೀಟಿ ಬಂತೇ? ಜನವರಿ ಮುಗಿಯುವುದರೊಳಗೆ ಎಲ್ಲರಿಗೂ ಬರಬೇಕಂತೆ, ಮಿಸೆಸ್ ಓಸಿ ಹೇಳಿದರು.

ಆರ್ವೆಲಾ

———

ವಿಲಿಸ್ಟನ್
ಫೆಬ್ರವರಿ 16, 2016

ಆರ್ವೆಲಾ,

ಪೊಲೀಸರು ಕೇಳುವ ಹಾಗೆ ಕೇಳುತ್ತೀಯ. ಬಾವಿಗೆ ಹೆಸರಿಲ್ಲ, ನಂಬರು. ಮೇಸ್ತ್ರಿಗೆ ಹೆಸರಿದೆ, ಆದರೆ ನಿನಗೆ ಅವನಿಂದ ಆಗಬೇಕಾದ್ದೇನೂ ಇಲ್ಲ. ರೊಟ್ಟಿಗಿಟ್ಟಿ ಯಾರೂ ಮಾಡಿ ಹಾಕುತ್ತಿಲ್ಲ.

ನಿನ್ನ "ತರಗತಿಯವರೊಬ್ಬರು" ಯಾರೆಂದು ನನಗೆ ಗೊತ್ತು. ಹೋಬರ್ಟ್ ಫೋನು ಮಾಡಿದ್ದ. "ಅಣ್ಣಾ, ಹೇಳ್ಬಾರ್ದು ಅಂತಿದ್ದೆ. ಅತ್ತಿಗೆ ಕೆಂಪು ಟ್ರಕ್ಕಲ್ಲಿ ಒಬ್ಬ ಗಂಡಸಿನ ಪಕ್ಕ ಕೂತು ಹೋಗೋದು ಮೂರು ಸಲ ನೋಡ್ದೆ. ಇಬ್ರೂ ನಗ್ತಿದ್ರು" ಎಂದ. ಪೆಟ್ರೋಲು ಹಂಚಿಕೊಳ್ಳುವುದಕ್ಕೆ ಇಷ್ಟು ನಗು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ಅರ್ಥವಾಯಿತು. ಹೊಸ ಕಸುಬು, ಹೊಸ ಟ್ರಕ್ಕು. ಅದಕ್ಕೆ ದುಡ್ಡು ಹೊಂದಿಸಲು ಹಳೆಯ ಗಂಡನ ಸಹಿ. ನೀನು ನಿನ್ನ ಫಾರಂ ಹಾಕು, ನಾನು ನನ್ನದು ಹಾಕುತ್ತೇನೆ. ನನ್ನ ಸಂಬಳ ನೋಡಿ ನಿನಗೇನಾಗಬೇಕು?

ಡೆಲ್ಮರ್

———

ಹ್ಯಾಝರ್ಡ್
ಫೆಬ್ರವರಿ 24, 2016

ಶ್ರೀ ಡೆಲ್ಮರ್ ಸ್ಟಿಡಮ್ ಅವರಿಗೆ,

ನಿಮ್ಮ ಸಂಬಳ ನಾನು ನೋಡಿಯಾಗಿದೆ.

ಜನವರಿ ಮೂವತ್ತಕ್ಕೆ ಎರಡು ಲಕೋಟೆ ಈ ಮನೆಗೆ ಬಂದವು. ಕಾಯಂ ವಿಳಾಸ ಎಂದು ಇದನ್ನೇ ಕೊಟ್ಟಿದ್ದೀರಿ, ಮರೆತಿರಬೇಕು. ಕೆಟಲಿನ ಹಬೆ ಹಿಡಿದು ಬಿಡಿಸಲಿಲ್ಲ, ಚಾಕುವಿನಿಂದಲೇ ಸೀಳಿದೆ. ಹಿಂದಿನ ಕಾಗದ ಬರೆಯುವಾಗ ಅವೆರಡೂ ನನ್ನ ಮೊಣಕೈ ಕೆಳಗಿದ್ದವು. ನೀವಾಗಿ ಹೇಳುತ್ತೀರೋ ಎಂದು ಕಾದೆ.

ಒಂದು ಎಣ್ಣೆ ಕಂಪನಿಯದು. ಇಡೀ ವರ್ಷಕ್ಕೆ ಆರು ಸಾವಿರದ ನೂರು. ಅಂದರೆ ಒಂದು ತಿಂಗಳ ಸಂಬಳ, ಕೆಲಸ ಹೋದ ವರ್ಷದ ಜನವರಿಗೇ ಮುಗಿದಿದೆ. ಹದಿಮೂರು ತಿಂಗಳಿಂದ ನೀವು ನನಗೆ ಇಲ್ಲದ ಬಾವಿಯ ಚಳಿ ಬಣ್ಣಿಸುತ್ತಿದ್ದೀರಿ. ಉಗುಳು ಗಟ್ಟಿಯಾಗುವುದನ್ನು ಓದಿ ನಾನು ಉಣ್ಣೆಯ ಕಾಲುಚೀಲ ಹೆಣೆಯಲು ಕೂತಿದ್ದೆ. ಬಿಚ್ಚಿಬಿಟ್ಟೆ.

ಇನ್ನೊಂದು "ಸಿಗ್ರಿಡ್ ಹೌಸ್" ಎಂಬುದರಿಂದ. ಹತ್ತೊಂಬತ್ತು ಸಾವಿರದ ನಾಲ್ಕುನೂರು. ಯಾರು ಈ ಸಿಗ್ರಿಡ್? ಅವಳ ಮನೆಯಲ್ಲಿ ನಿಮಗೇನು ಕೆಲಸ? ಬೇರೆ ಫಾರಂ ಎಂದು ಹಟ ಹಿಡಿದದ್ದು ಈ ಹೆಸರು ನನ್ನ ಕಣ್ಣಿಗೆ ಬೀಳಬಾರದು ಎಂದೇ ತಾನೆ?

ಕೆಂಪು ಟ್ರಕ್ಕಿನವರ ಹೆಸರು ಎಸ್ಟಿಲ್ ಫ್ಯೂಗೇಟ್. ಐವತ್ತೆಂಟು ವರ್ಷ. ಮೂವತ್ತು ವರ್ಷ ಕಲ್ಲಿದ್ದಲು ಕುಡಿದ ಎದೆ, ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಅವರ ಹೆಂಡತಿ ಮೇವಿಸ್ ನನಗೂ ಸೇರಿಸಿ ಮೆತ್ತನೆಯ ಬಿಸ್ಕತ್ತು ರೊಟ್ಟಿ, ನೆಂಚಿಕೊಳ್ಳಲು ಗ್ರೇವಿ ಕಟ್ಟಿಕೊಡುತ್ತಾಳೆ. ಹೋಬರ್ಟ್ ಕಂಡ ದಿನ ನಾವು ನಕ್ಕದ್ದು ಯಾಕೆ ಗೊತ್ತೇ? ಪರೀಕ್ಷೆಯಲ್ಲಿ ಎಸ್ಟಿಲ್ ಶ್ವಾಸಕೋಶದ ಚಿತ್ರಕ್ಕೆ ಹೆಸರು ಬರೆಯುವ ಬದಲು "ನನ್ನದು ಹೀಗಿಲ್ಲ" ಎಂದು ಬರೆದು ಬಂದಿದ್ದರು. ನಿಮ್ಮ ತಮ್ಮನಿಗೆ ಬೇರೆ ಕೆಲಸವಿಲ್ಲದಿದ್ದರೆ ಕಾಲೇಜಿಗೆ ಸೇರಿಕೊಳ್ಳಲಿ. ಅವನಿಗೂ ಸೋಡಿ ಸಿಗುತ್ತದೆ.

ನಾನು ವಕೀಲರ ಕಚೇರಿಗೂ ಹೋಗಿ ಬಂದಿದ್ದೇನೆ. ತಿಳಿದಿರಲಿ.

ಆರ್ವೆಲಾ ಸ್ಟಿಡಮ್

———

ಹ್ಯಾಝರ್ಡ್
ಮಾರ್ಚ್ 14, 2016

ಡೆಲ್ಮರ್,

ಹತ್ತೊಂಬತ್ತು ದಿನವಾಯಿತು. ಕಾಗದ ತಲುಪಿಲ್ಲ ಎಂದರೆ ನಂಬುವುದಿಲ್ಲ, ರಸೀದಿಗೆ ನಿನ್ನ ಸಹಿ ಬಂದಿದೆ. ಅದಕ್ಕಾದರೂ ಸಹಿ ಹಾಕಿದೆಯಲ್ಲ.

ಏಪ್ರಿಲ್ ಹದಿನೆಂಟು ಕೊನೆಯ ದಿನ. ಹೌದೋ ಅಲ್ಲವೋ, ಒಂದು ಬರೆ.

ಆರ್ವೆಲಾ

———

ವಿಲಿಸ್ಟನ್
ಮಾರ್ಚ್ 20, 2016

ಆರ್ವೆಲಾ,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು. ಚೆನ್ನಾಗಿ ಬಂದಿಲ್ಲ, ಆದರೂ ಕಳಿಸುತ್ತೇನೆ.

ಸಿಗ್ರಿಡ್ ಸತ್ತು ಅರವತ್ತು ವರ್ಷವಾಗಿದೆ. ಇದು ವೃದ್ಧಾಶ್ರಮ. ಕಟ್ಟಿಸಿದವರ ತಾಯಿಯ ಹೆಸರು ಅದು. ಮೂವತ್ತೊಂದು ಜನ ಮುದುಕ ಮುದುಕಿಯರಿದ್ದಾರೆ. ನಾನು ಅವರನ್ನು ಎಬ್ಬಿಸುತ್ತೇನೆ, ಸ್ನಾನ ಮಾಡಿಸುತ್ತೇನೆ, ಬಟ್ಟೆ ಹಾಕುತ್ತೇನೆ, ಒದ್ದೆಯಾದರೆ ಬದಲಿಸುತ್ತೇನೆ. ಇದೇ ನನ್ನ ಕೆಲಸ.

ಹೋದ ವರ್ಷ ಜನವರಿ ಮೂವತ್ತೊಂದಕ್ಕೆ ಒಂದೇ ದಿನ ಇನ್ನೂರು ಜನರನ್ನು ಮನೆಗೆ ಕಳಿಸಿದರು. ಎಣ್ಣೆಯ ಬೆಲೆ ಬಿದ್ದಿತ್ತು. ಆರು ವಾರ ಅಲ್ಲಿ ಇಲ್ಲಿ ಚಿಲ್ಲರೆ ಕೆಲಸ ಮಾಡಿದೆ. ಒಂದು ದಿನ ಇಲ್ಲಿನ ಬಾಯ್ಲರ್ ಕೋಣೆಯ ತಂತಿ ಸುಟ್ಟಿದೆ ಎಂದು ಕರೆದರು. ಸರಿಮಾಡಿ ಹೊರಗೆ ಬರುತ್ತಿದ್ದೆ. ದಾದಿಯರ ಮುಖ್ಯಸ್ಥೆ ಮಿಸೆಸ್ ರಾಲ್ಫ್‌ಸನ್ ನೆಲಕ್ಕೆ ಬಿದ್ದ ಮುದುಕರೊಬ್ಬರ ಪಕ್ಕ ಮಂಡಿಯೂರಿದ್ದರು. "ಏನ್ರೀ, ತಂತಿಯೋರೇ, ಇವರನ್ನ ಎತ್ತೋಕೆ ಸ್ವಲ್ಪ ಕೈ ಕೊಡ್ತೀರಾ? ಇವತ್ತು ಹುಡುಗೀರೆಲ್ಲ ಕೈ ಕೊಟ್ಟಿದಾರೆ" ಎಂದರು.

ಎತ್ತಿದೆ. ಆ ಮುದುಕರ ಹೆಸರು ಟೋರ್ವಾಲ್ಡ್ ಆಸನ್, ಗೋಧಿ ಬೆಳೆಯುತ್ತಿದ್ದವರು. ನನ್ನ ಕುತ್ತಿಗೆ ಹಿಡಿದು ನೇತಾಡುತ್ತಲೇ ಕೇಳಿದರು: "ಎಲ್ಲಿ ಕೆಲಸ ಕಲಿತಿದ್ದು ನೀನು?"

"ಗಣೀಲಿ" ಎಂದೆ.

"ಅದಕ್ಕೇ. ಕಲ್ಲಿದ್ದಲು ಎತ್ತಿದ ಹಾಗೆ ಎತ್ತಬೇಡ ಮಾರಾಯಾ, ನಾನು ಪುಡಿಯಾಗ್ತೀನಿ."

ಮಿಸೆಸ್ ರಾಲ್ಫ್‌ಸನ್ ನಕ್ಕರು. "ನಾಳೆಯಿಂದ ಬರ್ತೀರಾ?" ಎಂದು ಕೇಳಿದರು. ಮಾರನೆಯ ದಿನ ಹೋದೆ. ಎರಡು ವಾರ ತರಬೇತಿ ಕೊಟ್ಟರು. ತರಗತಿಯಲ್ಲಿ ಹದಿನಾಲ್ಕು ಹೆಂಗಸರು, ನಾನೊಬ್ಬ. ರಬ್ಬರ್ ಗೊಂಬೆಗೆ ಚಡ್ಡಿ ಬದಲಿಸುವ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಹೌದು, ನಾನೂ ಐವತ್ತು ವರ್ಷಕ್ಕೆ ಪುಸ್ತಕ ಹಿಡಿದವನೇ. ಶುಲ್ಕ ಆಶ್ರಮದವರೇ ಕಟ್ಟಿದ್ದರಿಂದ ನನಗೆ ಸೋಡಿ ಇಲ್ಲ ಎಂದು ಕಾಣುತ್ತದೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀಯ. 2009ರಲ್ಲಿ ನೀನು ಇದೇ ಕೆಲಸಕ್ಕೆ ಸೇರುತ್ತೇನೆ ಎಂದು ಅರ್ಜಿ ತಂದಿದ್ದೆ. ಊಟದ ಮೇಜಿನ ಮುಂದೆ, ಹೋಬರ್ಟನ ಎದುರಿಗೆ, ನಾನು "ಕಂಡೋರ ಕುಂಡಿ ತೊಳೆಯೋಕೆ ನನ್ನ ಹೆಂಡ್ತೀನ ಕಳಿಸಲ್ಲ, ನಾನಿನ್ನೂ ಸತ್ತಿಲ್ಲ" ಎಂದಿದ್ದೆ. ನೀನು ಅರ್ಜಿಯನ್ನು ಮಡಚಿ ಒಲೆಗೆ ಹಾಕಿದೆ. ಆ ಮಾತು ನಿನಗೆ ಮರೆತಿರಬಹುದು. ನನಗೆ ದಿನಾ ಬೆಳಗ್ಗೆ ಆರು ಗಂಟೆಗೆ, ಬಿಸಿನೀರಿನ ಬಕೆಟ್ಟು ಹಿಡಿದಾಗ ನೆನಪಾಗುತ್ತದೆ. ಬಾವಿಯ ಚಳಿ ಬರೆಯುವುದು ಸುಲಭವಿತ್ತು.

ಕ್ರಿಸ್‌ಮಸ್ಸಿಗೆ ನಿಜವಾಗಿಯೂ ಜೋಡಿ ಪಾಳಿ ಇತ್ತು. ಮಕ್ಕಳಿರುವ ದಾದಿಯರಿಗೆ ರಜೆ ಬಿಟ್ಟುಕೊಟ್ಟೆ. ಮನೆಗೆ ಬಂದರೆ ನೀನು ಕೈ ನೋಡುತ್ತೀಯ ಎಂಬ ಭಯವೂ ಇತ್ತು. ಎಣ್ಣೆ ಹತ್ತಿದ ಕೈಯಲ್ಲ ಇದು ಈಗ.

ಎಸ್ಟಿಲ್ ವಿಷಯದಲ್ಲಿ ತಪ್ಪು ನನ್ನದು. ಹೋಬರ್ಟನಿಗೆ ಹೇಳಿದ್ದೇನೆ.

ಆದರೆ ನನಗೂ ಒಂದು ಉತ್ತರ ಬೇಕು. ವಕೀಲರ ಹತ್ತಿರ ಹೋದೆ ಎಂದು ಬರೆದೆ. ಲಕೋಟೆ ಒಡೆಯುವ ಮೊದಲು ಹೋದೆಯೋ, ಆಮೇಲೋ? ಆಮೇಲಾದರೆ ನನಗೆ ಅರ್ಥವಾಗುತ್ತದೆ.

ಡೆಲ್ಮರ್

———

ಹ್ಯಾಝರ್ಡ್
ಮಾರ್ಚ್ 30, 2016

ಡೆಲ್ಮರ್,

ಮೊದಲು.

ನವೆಂಬರಿನಲ್ಲೇ ಹೋದೆ. ಕೇಳಿದ್ದೀಯ, ಅದಕ್ಕೆ ಹೇಳುತ್ತಿದ್ದೇನೆ. ಆಗ ನನಗೆ ಸಿಗ್ರಿಡ್ ಗೊತ್ತಿರಲಿಲ್ಲ, ಏನೂ ಗೊತ್ತಿರಲಿಲ್ಲ. ನೀನು ಫೋನು ಎತ್ತುತ್ತಿರಲಿಲ್ಲ, ಅಷ್ಟೇ ಗೊತ್ತಿತ್ತು. ಕಾಲೇಜಿನ ಕಚೇರಿಯಲ್ಲಿ ಸೋಡಿಯ ವಿಷಯ ಹೇಳುವಾಗ ಆ ಹುಡುಗಿ, "ಮದುವೆಯಾಗಿದ್ರೆ ಜಂಟಿ ಫಾರಂ, ಆಗಿಲ್ದಿದ್ರೆ ಒಬ್ರೇ ಹಾಕ್ಬಹುದು" ಎಂದಳು. ಡಿಸೆಂಬರ್ ಮೂವತ್ತೊಂದಕ್ಕೆ ಯಾವ ಸ್ಥಿತಿಯಲ್ಲಿದ್ದೀರೋ ಅದೇ ಇಡೀ ವರ್ಷದ ಲೆಕ್ಕಕ್ಕಂತೆ. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನನಗೆ ಮದುವೆಯಾಗಿದೆಯೇ? ಫಾರಂ ಕೇಳುವಷ್ಟು ನೇರವಾಗಿ ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

ವಕೀಲರು ಒಳ್ಳೆಯವರೇ. ಕೊನೆಗೆ ತಮ್ಮ ಶುಲ್ಕ ಹೇಳಿದರು: ಹನ್ನೆರಡು ನೂರು. "ಅಂದ್ರೆ ಸೋಡಿಗಿಂತ ಜಾಸ್ತಿ ಆಯ್ತಲ್ಲ ಸ್ವಾಮಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎದ್ದು ಬಂದೆ. ದುಡ್ಡಿಗೋಸ್ಕರ ಎದ್ದೆನೋ ಬೇರೆ ಯಾವುದಕ್ಕೋ, ಆಣೆ ಮಾಡಿ ಹೇಳಲಾರೆ. ಮೊದಲ ಕಂತು ಕಟ್ಟಿದ್ದು ಅಮ್ಮನ ಎರಡು ಕೌದಿ ಮಾರಿ. ಅದನ್ನೂ ನಿನಗೆ ಹೇಳಿರಲಿಲ್ಲ.

2009ರ ಮಾತು ಮರೆತಿಲ್ಲ. ನಿನ್ನ ಕಾಗದ ಓದಿ ಮೊದಲು ಕನಿಕರ ಬರಲಿಲ್ಲ, ಸಿಟ್ಟು ಬಂತು. ನಾನು ಒಲೆಗೆ ಹಾಕಿದ ಕೆಲಸವನ್ನು ನೀನು ಒಂದೂವರೆ ಸಾವಿರ ಮೈಲಿ ಹೋಗಿ, ಬಚ್ಚಿಟ್ಟುಕೊಂಡು ಮಾಡುತ್ತಿದ್ದೀಯ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ ಎಂದು ನೀನು ನನಗೆ ಆಗ ಹೇಳಬೇಕಿತ್ತು. ಏಳು ವರ್ಷ ತಡವಾಗಿ, ನನಗೆ ಸಿಕ್ಕಿಬಿದ್ದ ಮೇಲೆ ಹೇಳುತ್ತಿದ್ದೀಯ.

ಇದರ ಜೊತೆ ಫಾರಂ ಇದೆ. ಮಿಸೆಸ್ ಓಸಿ ತುಂಬಿದ್ದಾರೆ. ಇಬ್ಬರದೂ ಸೇರಿ ಮೂವತ್ತಾರು ಸಾವಿರದ ಏಳುನೂರು. ತೆರಿಗೆ ಹದಿನಾರು ನೂರು ಚಿಲ್ಲರೆ. ಸೋಡಿ ಕಳೆದರೆ ಆರುನೂರು ಚಿಲ್ಲರೆ. ನಿನ್ನ ಸಂಬಳದಲ್ಲೂ ನನ್ನದರಲ್ಲೂ ಆಗಲೇ ಹಿಡಿದುಕೊಂಡದ್ದು ಇದಕ್ಕಿಂತ ಹೆಚ್ಚಿದೆ, ಅದು ವಾಪಸು ಬರುತ್ತದೆ. ನಿನ್ನ ಬಾವಿಯ ಸಂಬಳ ನಿಜವಾಗಿದ್ದರೂ ಸೋಡಿ ಇಷ್ಟೇ ಇರುತ್ತಿತ್ತು. ಸುಳ್ಳಿನಿಂದ ಯಾರಿಗೂ ಏನೂ ಲಾಭವಾಗಲಿಲ್ಲ.

ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕು. ನಾನು ಹಾಕಿದ್ದೇನೆ. ಅದನ್ನು ಕ್ಷಮೆ ಎಂದುಕೊಳ್ಳಬೇಡ, ಸಹಿ ಮಾತ್ರ. ಸಹಿಯ ಪಕ್ಕ "ಉದ್ಯೋಗ" ಎಂದು ಒಂದು ಚೌಕವಿದೆ. "ನಿನ್ನ ಗಂಡಂದು ಏನಂತ ಬರೀಲಿ? ಎಲೆಕ್ಟ್ರಿಷಿಯನ್ ಅಂತ್ಲಾ?" ಎಂದು ಮಿಸೆಸ್ ಓಸಿ ಕೇಳಿದರು. "ಖಾಲಿ ಬಿಡಿ, ಅವನೇ ತುಂಬಲಿ" ಎಂದೆ.

ಆರ್ವೆಲಾ

———

ವಿಲಿಸ್ಟನ್
ಏಪ್ರಿಲ್ 6, 2016

ಆರ್ವೆಲಾ,

"ಮೊದಲು" ಎಂಬ ಒಂದು ಪದ ಓದಿ, ಉಳಿದದ್ದನ್ನು ಓದಲು ಎರಡು ದಿನ ಬೇಕಾಯಿತು. ಮುಚ್ಚಿಟ್ಟಿದ್ದರೆ ನನಗೆ ಹಿತವಾಗಿರುತ್ತಿತ್ತು. ಹೇಳಿದ್ದೇ ಸರಿ.

ಸಹಿ ಹಾಕಿದ್ದೇನೆ. ಅದಕ್ಕೆ ಮೊದಲು ನಿನ್ನ ಚೌಕ ನೋಡಿದೆ. "ವಿದ್ಯಾರ್ಥಿನಿ" ಎಂದು ಬರೆದಿದ್ದೀಯ. ನಾವು ಜೊತೆಗೆ ಫಾರಂ ಹಾಕುತ್ತಿದ್ದ ವರ್ಷಗಳಲ್ಲಿ ಅಲ್ಲಿ "ಅಡುಗೆ ಸಹಾಯಕಿ" ಎಂದಿರುತ್ತಿತ್ತೇನೋ. ನಾನು ಓದಿದ ನೆನಪಿಲ್ಲ. ನನ್ನ ಗೆರೆ ಹುಡುಕಿ ಸಹಿ ಹಾಕಿ ಎದ್ದುಬಿಡುತ್ತಿದ್ದೆ.

ನನ್ನ ಚೌಕವನ್ನು ಊಟದ ಕೋಣೆಯಲ್ಲೇ ಕೂತು ತುಂಬಿದೆ. ಟೋರ್ವಾಲ್ಡ್ ಪಕ್ಕದಲ್ಲಿದ್ದರು. "ಅದೇನು ಅಷ್ಟು ಹೊತ್ತು ಪೆನ್ನು ಕಚ್ತಾ ಇದೀಯ, ಉಯಿಲಾ?" ಎಂದರು. "ತೆರಿಗೆ" ಎಂದೆ. "ಹಾಗಾದ್ರೆ ನಿಜ ಬರಿ. ಉಯಿಲಾದ್ರೆ ಸುಳ್ಳು ಬರೀಬಹುದು, ಸತ್ತ ಮೇಲೆ ಯಾರು ಹಿಡೀತಾರೆ" ಎಂದರು.

"ಆರೈಕೆ ಸಹಾಯಕ" ಎಂದು ಬರೆದಿದ್ದೇನೆ. ಕಾಗುಣಿತ ಸರಿಯಿದೆಯೇ ನೋಡು.

ಮೇ ಕೊನೆಗೆ ಹತ್ತು ದಿನ ರಜೆ ಕೇಳಿದ್ದೇನೆ. ಬರಲೋ ಬೇಡವೋ ನೀನು ಹೇಳು.

ಡೆಲ್ಮರ್

———

ಹ್ಯಾಝರ್ಡ್
ಏಪ್ರಿಲ್ 13, 2016

ಡೆಲ್ಮರ್,

ಫಾರಂ ಬಂತು. ಕಾಗುಣಿತ ಸರಿಯಿದೆ. ಈ ಬೆಳಿಗ್ಗೆ ಅಂಚೆಗೆ ಹಾಕಿದೆ.

ಹಾಕುವ ಮೊದಲು ಮಾಡಿದ ಒಂದು ಕೆಲಸ ಹೇಳಿಬಿಡುತ್ತೇನೆ, ಇನ್ನು ಬಚ್ಚಿಡುವುದು ಸಾಕು. ಹದಿಮೂರು ತಿಂಗಳು ಇಲ್ಲದ ಬಾವಿಯನ್ನು ನಂಬಿದವಳು ನಾನು. ಒಂದು ಕಾಗದ ಓದಿ, ಇಲ್ಲದ ಮುದುಕನನ್ನೂ ನಂಬಿಬಿಟ್ಟರೆ? ಲಕೋಟೆಗೆ ಅಂಟು ಹಾಕದೆ, ಸಂಬಳದ ಚೀಟಿಯ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಹೆಸರು ಹೇಳಲಿಲ್ಲ. "ಅಲ್ಲಿ ಡೆಲ್ಮರ್ ಸ್ಟಿಡಮ್ ಅಂತ ಯಾರಾದ್ರೂ ಇದಾರಾ?" ಎಂದು ಕೇಳಿದೆ.

ಎತ್ತಿದ ಹೆಂಗಸು, "ಇದಾರಲ್ಲ. ಈಗ ಒಬ್ರಿಗೆ ಕ್ಷೌರ ಮಾಡ್ತಾ ಕೂತಿದಾರೆ, ಅರ್ಧ ಗಡ್ಡ ಆಗಿದೆ. ಕರೀಲಾ?" ಎಂದಳು. ಹಿಂದೆ ಎಲ್ಲೋ ಒಬ್ಬ ಮುದುಕ ಯಾರನ್ನೋ ಬೈಯುತ್ತಿದ್ದದ್ದು ಕೇಳಿಸಿತು. ಆಮೇಲೆ ನಿನ್ನ ನಗು ಕೇಳಿಸಿತು. ಫೋನಿನಲ್ಲಿ ನನ್ನೊಡನೆ ನೀನು ಹಾಗೆ ನಕ್ಕು ಎಷ್ಟು ವರ್ಷವಾಯಿತೋ.

"ಬೇಡ, ಕರೀಬೇಡಿ. ಇನ್ನರ್ಧ ಮುಗಿಸಲಿ" ಎಂದು ಇಟ್ಟುಬಿಟ್ಟೆ.

ಬಾ.

ಆರ್ವೆಲಾ